ಅವ್ವ ಬಳಿದ ಸುಣ್ಣ

ಸಾಹೇಬರು ಬರುವ ಹಿಂದಿನ ದಿನ ಅವ್ವ ಗೋಡೆಗಳಿಗೆಲ್ಲ ಸುಣ್ಣ ಬಳಿದಳು. ಎಪ್ಪತ್ತರ ದಶಕದ ಆ ಮಳೆಗಾಲದಲ್ಲಿ ವರದಾ ನದಿ ನಮ್ಮ ಕೆಳಗಿನ ಕೇರಿಗೆ ನುಗ್ಗಿ, ಎದೆಮಟ್ಟದಲ್ಲಿ ಬಿಟ್ಟುಹೋಗಿದ್ದ ಕೆಸರಿನ ಗೆರೆ ಮುಚ್ಚಿಹೋಯಿತು. ಕೇರಿಯ ಹೆಂಗಸರೆಲ್ಲ ಹಾಗೆಯೇ ಮಾಡಿದರು. ದೊಡ್ಡವರು ಬರುವಾಗ ಮನೆ ಹೊಲಸಾಗಿರಬಾರದು ಎಂಬುದು ನಮ್ಮವರ ರೀತಿ.

ಹಾನಗಲ್ಲಿನಿಂದ ಬಂದ ಸಾಹೇಬರು ಊರಿನ ಎರಡು ಕೇರಿಗಳಲ್ಲಿ ಒಂದಕ್ಕೆ ಮಾತ್ರ ನೆರೆ ತಡೆಯುವ ಒಡ್ಡು ಕೊಡಬೇಕಿತ್ತು. ನಮ್ಮ ಗೋಡೆ ನೋಡಿ ನಕ್ಕರು.

"ಇಲ್ಲಿ ನೀರು ಬಂದಿತ್ತೇನಬೇ? ಮದುವಿ ಮನಿಹಂಗ ಕಾಣತೈತಲ್ಲ!"

"ಬಂದಿತ್ರೀ ಸಾಹೇಬ್ರ, ಇಲ್ಲೀತನಕ," ಎಂದು ಅವ್ವ ಎದೆ ಮುಟ್ಟಿ ತೋರಿಸಿದಳು. "ನೀವು ಬರ್ತೀರಂತ ಬಳದೇವ್ರಿ. ಮೊದ್ಲ ಚಾ ಕುಡೀರಿ."

ಚಹಾ ಕುಡಿದು ಅವರು ಮೇಲಿನ ಕೇರಿಗೆ ಹೋದರು. ಅಲ್ಲಿ ಯಾರೂ ಗೋಡೆ ಬಳಿದಿರಲಿಲ್ಲ. ಮೊಣಕಾಲುಮಟ್ಟದ ಗುರುತುಗಳನ್ನು ಅಳೆದು ಬರೆದುಕೊಂಡರು. ಒಡ್ಡು ಮೇಲಿನ ಕೇರಿಗಾಯಿತು.

ಮುಂದಿನ ಮಳೆಗಾಲದಲ್ಲಿ ಆ ಒಡ್ಡಿಗೆ ಬಡಿದು ತಿರುಗಿದ ನೀರೂ ಸೇರಿ ನಮ್ಮ ಮೇಲೆಯೇ ಬಂತು. ಎಮ್ಮೆಯ ಹಗ್ಗ ಬಿಚ್ಚಲು ಹಿತ್ತಲಿಗೆ ಹೋದ ಅವ್ವ ತಿರುಗಿ ಬರಲಿಲ್ಲ. ಎಮ್ಮೆ ಎರಡು ದಿನದ ಮೇಲೆ ಸವಣೂರಿನ ಕಡೆ ಜೀವಂತ ಸಿಕ್ಕಿತು. ಅವ್ವನ ದೇಹ ಇವತ್ತಿಗೂ ಸಿಕ್ಕಿಲ್ಲ.