ಅಮ್ಮ ಅವಳಿಗೆ ಹೇಳಿದ್ದು

ನಾನು ಓದಿದ ವಿಶ್ವವಿದ್ಯಾಲಯದಲ್ಲಿ ವರ್ಷಕ್ಕೊಮ್ಮೆ ಹಳೆಯ ವಿದ್ಯಾರ್ಥಿಗಳೂ ಅಧ್ಯಾಪಕರೂ ಬರೆದ ಹೊಸ ಪುಸ್ತಕಗಳನ್ನು ಉದ್ದನೆಯ ಮೇಜಿನ ಮೇಲೆ ಜೋಡಿಸಿಟ್ಟು ಒಂದು ಸಭೆ ಮಾಡುತ್ತಾರೆ. ಈ ಸಲ ಅಲ್ಲಿ ನನ್ನ ಗೆಳತಿಯ ಪುಸ್ತಕವೂ ಇತ್ತು. ಈ ತಮಿಳು ಊರಿನ ಕಾನ್ವೆಂಟಿನಲ್ಲಿ ನಮ್ಮಿಬ್ಬರದೂ ಒಂದೇ ಬೆಂಚು. ಆಮೇಲೆ ಅವಳು ಆ ವಿಶ್ವವಿದ್ಯಾಲಯದಲ್ಲೇ ಪ್ರೊಫೆಸರ್ ಆದಳು, ನಾನು ಮದುವೆಯಾದೆ. ಹಿಂದಿನ ಕಾಲದಲ್ಲಿ ಹೊರಗೆ ದುಡಿದ ಹೆಂಗಸರ ಬಗ್ಗೆ ಇಂಗ್ಲಿಷಿನಲ್ಲಿ ಬರೆದಿದ್ದಾಳೆ.

ನನಗೂ ಆಹ್ವಾನವಿತ್ತು. ಎದೆಗೆ ಬ್ಯಾಡ್ಜ್ ಚುಚ್ಚಿದರು. ಹೆಸರಿನ ಕೆಳಗೆ ಉಳಿದವರಿಗೆಲ್ಲ ಏನೋ ಒಂದು ಹುದ್ದೆ, ನನಗೆ ಬರೀ ಬ್ಯಾಚಿನ ವರ್ಷ. ನನ್ನ ಜೊತೆಗೇ ಇರುವ ಅಮ್ಮನೂ ಬಂದಿದ್ದಳು; ಅವಳನ್ನು ಮಾತ್ರ ಗೆಳತಿ ಕೈಹಿಡಿದು ಮೊದಲ ಸಾಲಿನಲ್ಲಿ ಕೂರಿಸಿದಳು. ಅಮ್ಮನ ಕೈಚೀಲ, ನೀರಿನ ಬಾಟಲಿ ಮಡಿಲಲ್ಲಿಟ್ಟುಕೊಂಡು ನಾನು ಹಿಂದೆ ಕೂತೆ. ಗೆಳತಿ ಭಾಷಣದಲ್ಲಿ, ಈ ಅಮ್ಮ ಇಲ್ಲದಿದ್ದರೆ ಪುಸ್ತಕದ ಒಳ್ಳೆಯ ಅಧ್ಯಾಯವೇ ಇರುತ್ತಿರಲಿಲ್ಲ ಅಂದಳು. ಅಮ್ಮನಿಗೆ ಶಾಲು ಹೊದಿಸಿದರು. ಅಮ್ಮ ನಾಚಿ ಸೆರಗು ಸರಿಮಾಡಿಕೊಂಡಳು.

ಅವರು ಫೋಟೋ ತೆಗೆಸಿಕೊಳ್ಳುವಾಗ ನಾನು ಕಾರಿನಲ್ಲಿ ಕೂತು ಆ ಅಧ್ಯಾಯ ಓದಿದೆ. ಅಮ್ಮನ ಹೆಸರು ಬದಲಾಯಿಸಿದ್ದಳು. ಮದುವೆಗೆ ಮುಂಚೆ ತಂದೆ ಹಾಸಿಗೆ ಹಿಡಿದಾಗ ತಿರುಪ್ಪೂರಿನ ಬನಿಯನ್ ಕಂಪನಿಗೆ ಚೆಕಿಂಗ್ ಕೆಲಸಕ್ಕೆ ಹೋದ ಹುಡುಗಿ. ಬನಿಯನ್ನಿನೊಳಗೆ ಕೈ ತೂರಿಸಿ, ಬೆಳಕಿಗೆ ಹಿಡಿದು ತೂತು ಹುಡುಕುವ ಕೆಲಸ. ಸಂಜೆ ಬಸ್ಸು ಇಳಿಯುವ ಮೊದಲು ಒಬ್ಬಳ ತಲೆಗೂದಲಿಗೆ ಅಂಟಿದ ಹತ್ತಿಯನ್ನು ಇನ್ನೊಬ್ಬಳು ಬಿಡಿಸುತ್ತಿದ್ದಳಂತೆ. ಗಂಡನ ಮನೆಯಲ್ಲಿ ಇದು ಯಾರಿಗೂ ಗೊತ್ತಿಲ್ಲವಂತೆ.

ಅಮ್ಮ ಇವತ್ತಿಗೂ ಒಗೆದ ಬಟ್ಟೆ ಮಡಚುವ ಮುಂಚೆ ಒಳಗೆ ಕೈ ತೂರಿಸಿ ನೋಡುತ್ತಾಳೆ. ಅದು ಅವಳ ಅಭ್ಯಾಸ ಅಂದುಕೊಂಡಿದ್ದೆ. ಯಾಕೆ ಅಂತ ಪರರ ಪುಸ್ತಕ ಹೇಳಬೇಕಾಯಿತು.

ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಅವಳು ಪುಸ್ತಕ ಬರೆದದ್ದಕ್ಕೆ ಸ್ವಲ್ಪ. ನನ್ನ ಅಮ್ಮ ಅವಳಿಗೆ ಸಿಕ್ಕಿದ್ದಕ್ಕೆ ಬಹಳ. ನಮ್ಮ ಮನೆಯ ಬಾಲ್ಕನಿಯಲ್ಲೇ ಎಷ್ಟೋ ಮಧ್ಯಾಹ್ನ ಇಬ್ಬರೂ ತಮಿಳಿನಲ್ಲಿ ಮಾತಾಡುತ್ತಾ ಕೂತಿದ್ದರು. ಅಡುಗೆಯ ವಿಚಾರವಿರಬೇಕು ಎಂದು ನಾನೇ ಕಾಫಿ, ಮುರುಕು ತಂದಿಟ್ಟು ಒಳಗೆ ಹೋಗುತ್ತಿದ್ದೆ. ನಾನು ಬಂದಾಗ ಮಾತು ನಿಲ್ಲುತ್ತಿತ್ತು. ಬಾಯಿ ತುಂಬ ಮುರುಕು, ಅದಕ್ಕೇ ಅಂದುಕೊಂಡಿದ್ದೆ.

ಮನೆಗೆ ಬಂದಮೇಲೆ ಅಮ್ಮ ಶಾಲನ್ನು ಮಡಚಿ ಇಡುತ್ತಿದ್ದಳು. ಕೇಳಿಯೇ ಬಿಟ್ಟೆ. "ಅವಳಿಗೆ ಹೇಳಬಹುದು, ನನಗೆ ಹೇಳಬಾರದಾ?"

ಅಮ್ಮ ಶಾಲನ್ನು ಬೀರುವಿನಲ್ಲಿಟ್ಟಳು. ಆಮೇಲೆ ಮೆಲ್ಲಗೆ ಅಂದಳು: "ಅವಳ ಹತ್ರ ತಮಿಳಲ್ಲಿ ಹೇಳಿದೆ ಕಣೇ. ಆ ಕೆಲಸ, ಆ ಹುಡುಗೀರು, ಎಲ್ಲ ತಮಿಳೇ. ಕನ್ನಡದಲ್ಲಿ ಹೇಳೋಕೆ ಹೊರಟ್ರೆ ನಿಮ್ಮಜ್ಜಿ ಪಕ್ಕದಲ್ಲೇ ಕೂತು ಕೇಳಿಸ್ಕೊಂಡ ಹಾಗಾಗತ್ತೆ."

ಅಜ್ಜಿ ಎಂದರೆ ಅಪ್ಪನ ಅಮ್ಮ. ಹೊಸ್ತಿಲಾಚೆ ಏನು ಬೇಕಾದರೂ ಮಾತಾಡಿ, ಒಳಗೆ ಮನೆಯವರು ಮನೆಯವರ ಜೊತೆ ಕನ್ನಡವೇ ಆಡಬೇಕು ಅನ್ನುವುದು ಅವರ ಕಟ್ಟಳೆ. ಅಪ್ಪ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಕಾನ್ವೆಂಟಿನ ಹೋಂವರ್ಕ್ ಮುಗಿದ ಮೇಲೆ ನನ್ನನ್ನು ಕೂರಿಸಿ ಕನ್ನಡ ಅಕ್ಷರ ತಿದ್ದಿಸಿದವರು ಅವರೇ. ಇಬ್ಬರೂ ಹೋಗಿ ವರ್ಷಗಳಾದವು. ತರಕಾರಿಯವನ ಹತ್ತಿರ, ಆಟೋದವನ ಹತ್ತಿರ ದಿನವೆಲ್ಲ ತಮಿಳಾಡುವ ನಾನು ಅಮ್ಮನ ಜೊತೆ ಮನೆಯೊಳಗೆ ಒಂದು ತಮಿಳು ಮಾತು ಆಡಿದವಳಲ್ಲ. ಅದು ಚಪ್ಪಲಿ ಹಾಕಿಕೊಂಡು ದೇವರ ಮನೆಗೆ ಹೋದಂತೆ.

ಆದರೂ ಬಾಲ್ಕನಿಗೆ ಹೋಗಿ ಗೆಳತಿ ಕೂರುತ್ತಿದ್ದ ಕುರ್ಚಿಯಲ್ಲೇ ಕೂತೆ. "ಸೊಲ್ಲುಂಗಮ್ಮಾ," ಅಂದೆ. ಹೇಳಿ ಅಮ್ಮಾ ಅಂತ, ಊರಿನವರ ಹಾಗೆ, ಮರ್ಯಾದೆ ಸೇರಿಸಿ.

ಅಮ್ಮ ಬಾಗಿಲ ಕಡೆ ನೋಡಿದಳು, ಅಪ್ಪ ಆಫೀಸಿನಿಂದ ಬರುವ ಹೊತ್ತೇನೋ ಅನ್ನುವ ಹಾಗೆ. ಆಮೇಲೆ ನಕ್ಕಳು. ಬಂದು ಎದುರಿಗೆ ಕೂತು ತಮಿಳಿನಲ್ಲಿ ಶುರುಮಾಡಿದಳು. ಕನ್ನಡದಲ್ಲಿ ಅಳೆದು ಮಾತಾಡುವವಳು ತಮಿಳಿನಲ್ಲಿ ಜೋರು, ತುಂಟಿ. ನಡುವೆ ಎದ್ದು, ಸೂಪರ್‌ವೈಸರ್ ಹೊಟ್ಟೆ ಮುಂದೆ ಮಾಡಿಕೊಂಡು ಹೇಗೆ ನಡೆಯುತ್ತಿದ್ದ ಅಂತ ನಡೆದು ತೋರಿಸಿದಳು. ಈ ಹುಡುಗಿಯನ್ನು ನಾನು ಯಾವತ್ತೂ ಕಂಡಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಇದು ಪುಸ್ತಕದಲ್ಲಿ ಇಲ್ಲವಲ್ಲ, ಇದನ್ನು ಅವಳಿಗೆ ಹೇಳಿಲ್ಲ ತಾನೇ ಎಂದು ಕೇಳಿದೆ.

ಅಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡೇ ನಿಂತಳು. ಹೇಳಿದ್ದಳಂತೆ, ಇದಕ್ಕಿಂತ ಚೆನ್ನಾಗಿ. ನನ್ನ ಗೆಳತಿ ಮಧ್ಯೆ ಬಾಯಿ ಹಾಕುವುದಿಲ್ಲವಂತೆ.

ನಾನು ಬಾಯಿ ಮುಚ್ಚಿದೆ. ಅಮ್ಮ ಮುಂದುವರಿಸಿದಳು.