ಮುಂದಿನ ಫೋರ್ಕಿನಲ್ಲಿ ಕಸ

ನನ್ನ ಮಗಳಿಗೆ ಈಗಲೂ ತನ್ನ ಜಡೆಯನ್ನು ತಾನೇ ಹೆಣೆದುಕೊಳ್ಳಲು ಆಗುವುದಿಲ್ಲ. ಬಲಗೈಯ ಮಣಿಕಟ್ಟು ಅರ್ಧ ತಿರುಗಿ ಅಲ್ಲೇ ನಿಂತುಬಿಡುತ್ತದೆ. ಬೆಳಿಗ್ಗೆ ಅವಳಮ್ಮ ಜಡೆ ಹಾಕುವಾಗ ನಾನು ಆ ಕೋಣೆಯ ಕಡೆ ಹೋಗುವುದಿಲ್ಲ. ಬಸ್ಸಿನವನು ದಿಢೀರನೆ ನಿಲ್ಲಿಸಿದ ಎಂದು ನೆಂಟರಿಗೆಲ್ಲ ಹೇಳಿದ್ದೇವೆ. ಬಸ್ಸಿನವನು ನಿಲ್ಲಿಸಬೇಕಾದ ಕಡೆಯೇ ನಿಲ್ಲಿಸಿದ್ದ. ತಪ್ಪು ನನ್ನದು.

ಮೈಸೂರು ಬಿಟ್ಟು ಚೆನ್ನೈಗೆ ಬಂದು ಆಗ ಹನ್ನೆರಡು ವರ್ಷವಾಗಿತ್ತು. ವೇಲಚೇರಿಯಲ್ಲಿ ಫ್ಲ್ಯಾಟು, ಅಡ್ಯಾರಿನಲ್ಲಿ ನನ್ನ ಕಚೇರಿ, ಅದರ ಹತ್ತಿರವೇ ಮಗಳ ಶಾಲೆ. ದಿನಾ ಬೆಳಿಗ್ಗೆ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಬಿಡುತ್ತಿದ್ದೆ. ಮನೆಯಲ್ಲಿ ನನ್ನದೊಂದು ಕಾನೂನಿತ್ತು: ಅಪ್ಪನ ಹತ್ತಿರ ಕನ್ನಡ ಮಾತ್ರ. ತಮಿಳೂ ಕೂಡದು, ಇಂಗ್ಲಿಷೂ ಕೂಡದು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಆದರೆ ಬಾಯಿ ತೆರೆದರೆ ತಮಿಳೇ ಬರುತ್ತಿತ್ತು. ಹಾಗೆ ಬಂದಾಗಲೆಲ್ಲ ನಾನು ಕಿವುಡನಾಗುತ್ತಿದ್ದೆ. ಆದರೆ ಬೀದಿಗಿಳಿದರೆ ನಾನೇ ತಮಿಳು ಪಂಡಿತ. ‘ಹ’ ತೆಗೆದು ‘ಪ’ ಹಾಕಿ, ಹಾಲು ಪಾಲ್ ಆಗುತ್ತೆ, ಹಲ್ಲು ಪಲ್ ಆಗುತ್ತೆ, ಅಷ್ಟೇ ತಮಿಳು ಎಂದು ಊರಿನಿಂದ ಬಂದವರಿಗೆಲ್ಲ ಪಾಠ ಹೇಳುತ್ತಿದ್ದೆ. ಅಲ್ಪವಿದ್ಯಾ ಮಹಾಗರ್ವಿ ಎಂದು ನನ್ನಂಥವರನ್ನು ನೋಡಿಯೇ ಹೇಳಿರಬೇಕು.

ನಮ್ಮ ಬೀದಿಯ ಮೆಕ್ಯಾನಿಕ್ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತನಾಗಿ ಬಂದವನು. ಮಾತು ಕಡಿಮೆ. ಒಂದು ಬೆಳಿಗ್ಗೆ ಚೈನು ಬಿಗಿ ಮಾಡಿಸಲು ನಿಂತಿದ್ದಾಗ ಅವನು ಮುಂದಿನ ಚಕ್ರದ ಕಡೆ ಗದ್ದ ಚಾಚಿ, “ಸಾರ್, ಮುನ್ನಾಡಿ ಕಸಿಯುದು. ಪಾತ್ತುಕೋಂಗ,” ಎಂದ. ಬಗ್ಗಿ ನೋಡಿದೆ. ಚಕ್ರವನ್ನು ಹಿಡಿದ ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಕಪ್ಪು ಜಿಡ್ಡು ಮೆತ್ತಿತ್ತು. ಕಸ ಕೂತಿದೆ, ನೋಡಿಕೊಳ್ಳಿ ಅಂತಾನೆ ಎಂದು ನನಗೆ ನಾನೇ ಅನುವಾದ ಮಾಡಿಕೊಂಡು, “ಕಸ ತಾನೇ, ನಾನೇ ಕ್ಲೀನ್ ಪಣ್ಣಿಕ್ಕರೇನ್,” ಎಂದೆ. ಅವನು ನನ್ನ ಮುಖ ನೋಡಿ ಮತ್ತೆ ಚೈನಿನ ಕಡೆ ಬಗ್ಗಿದ.

ಮಗಳು ಶಾಲೆಯ ಚೀಲ ಹೊತ್ತು ಪಕ್ಕದಲ್ಲೇ ನಿಂತಿದ್ದಳು. “ಅಪ್ಪಾ, ಅವರು ಅಪ್ಪಿಡಿ ಸೊಲ್ಲಲ. ಕಸಿಯುದುನಾ—” ಎಂದು ತಮಿಳಿನಲ್ಲೇ ನನ್ನನ್ನು ತಿದ್ದಲು ಶುರುಮಾಡಿದಳು.

“ಕನ್ನಡದಲ್ಲಿ ಹೇಳು,” ಎಂದೆ.

ಅವಳು ಬಾಯಿ ತೆರೆದಳು, ಏನನ್ನೋ ಹುಡುಕಿದಳು, ಮತ್ತೆ ಮುಚ್ಚಿ ಹೆಲ್ಮೆಟ್ ಹಾಕಿಕೊಂಡಳು. ಗೆದ್ದೆ ಎಂದುಕೊಂಡೆ. ನೆನೆಸಿಕೊಂಡರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಆ ಭಾನುವಾರ ನನ್ನ ಹಳೆಯ ಎದೆಯ ಎಕ್ಸ್‌ರೇ ಹಾಳೆಯಿಂದ ಒಂದು ಪಟ್ಟಿ ಕತ್ತರಿಸಿ, ಕೊಳವೆಯ ಸುತ್ತ ಕೂತ ರಬ್ಬರ್ ಸೀಲಿನ ತುಟಿಯೊಳಗೆ ತೂರಿಸಿ ಸುತ್ತಲೂ ಆಡಿಸಿದೆ. ಹಾಗೆ ಮಾಡಿದರೆ ಸೀಲಿನಲ್ಲಿ ಸಿಕ್ಕ ಮರಳು ಹೊರಗೆ ಬರುತ್ತದೆಂದು ಮೊಬೈಲಿನಲ್ಲಿ ನೋಡಿದ್ದೆ. ಒಂದಿಷ್ಟು ಕಸ ಬಂದೂ ಬಂತು. ಎರಡು ದಿನ ಕೊಳವೆ ಕನ್ನಡಿಯ ಹಾಗಿತ್ತು. ಮೂರನೆಯ ದಿನ ಮತ್ತೆ ಎಣ್ಣೆಯ ಉಂಗುರ. ಚೆನ್ನೈ ಧೂಳು ಎಂದು ಬೈದು ಒರೆಸಿದೆ. ಮುಂದೆ ಅದೇ ಅಭ್ಯಾಸವಾಯಿತು. ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಮೊದಲ ಕೆಲಸ ಹಳೇ ಬನಿಯನ್ ತುಂಡು ಹಿಡಿದು ಫೋರ್ಕ್ ಒರೆಸುವುದು. ರೋಗದ ಗುರುತನ್ನು ದಿನಾ ನನ್ನ ಕೈಯಾರೆ ಅಳಿಸುತ್ತಿದ್ದೆ. ರಸ್ತೆಯ ಉಬ್ಬಿನ ಮೇಲೆ ಮುಂಭಾಗ ಧಡ್ ಎಂದು ಕುಸಿಯತೊಡಗಿತು, ರಸ್ತೆ ಸರಿಯಿಲ್ಲ ಎಂದೆ. ಬ್ರೇಕು ಕಿರುಗುಟ್ಟತೊಡಗಿತು, ಧೂಳು ಎಂದೆ. “ಆ ಮೆಕ್ಯಾನಿಕ್‌ಗೆ ಒಂದ್ಸಲ ತೋರಿಸ್ಬಾರ್ದೇನ್ರೀ? ನೀವು ಹಿಡಿದ ಮೊಲಕ್ಕೆ ಯಾವಾಗ್ಲೂ ಮೂರೇ ಕಾಲು,” ಎಂದಳು ಹೆಂಡತಿ. ನಕ್ಕುಬಿಟ್ಟೆ.

ಮೂರು ವಾರವಾಗಿತ್ತು. ಅಡ್ಯಾರ್ ಇನ್ನೇನು ಬಂತು ಎನ್ನುವಾಗ ಮುಂದಿದ್ದ ಬಸ್ಸು ಸ್ಟಾಪಿನಲ್ಲಿ ನಿಂತಿತು. ಮುಂದಿನ ಬ್ರೇಕ್ ಹಿಡಿದೆ. ಲಿವರ್ ಗಟ್ಟಿಯಾಗೇ ಇತ್ತು, ಬೈಕು ಮಾತ್ರ ನಿಲ್ಲಲಿಲ್ಲ. ಗಾಬರಿಯಲ್ಲಿ ಹಿಂದಿನ ಬ್ರೇಕ್ ಮೆಟ್ಟಿದೆ, ಹಿಂದಿನ ಚಕ್ರ ಜಾರಿತು. ನನಗೆ ಮೊಣಕಾಲು ತರಚಿತು, ಅಷ್ಟೇ. ಅವಳು ಬಲಗೈ ಊರಿ ಬಿದ್ದಿದ್ದಳು.

ಆಸ್ಪತ್ರೆಯಲ್ಲಿ ಅವಳ ಕೈಗೆ ಪ್ಲೇಟು ಕೂರಿಸಿದ ಮೇಲೆ ಮೆಕ್ಯಾನಿಕ್ ಹತ್ತಿರ ಹೋದೆ. ಬೈಕು ಅವನ ಷೆಡ್ಡಿನಲ್ಲಿತ್ತು. ಅವನು ಒಣಬಟ್ಟೆಯಿಂದ ಎರಡೂ ಕೊಳವೆಗಳನ್ನು ಒರೆಸಿದ, ಬ್ರೇಕ್ ಹಿಡಿದು ಹ್ಯಾಂಡಲನ್ನು ಮೈಭಾರ ಹಾಕಿ ಹತ್ತು ಸಲ ಒತ್ತಿದ, ಆಮೇಲೆ ನನ್ನನ್ನು ಕೂರಿಸಿ ತೋರಿಸಿದ. ಎಡಗಡೆ ಒಣಗಿತ್ತು. ಬ್ರೇಕಿನ ತಟ್ಟೆ ಇರುವ ಬಲಗಡೆ ಹೊಸ ಎಣ್ಣೆ ದಪ್ಪ ಉಂಗುರ ಕಟ್ಟಿ, ನೋಡುತ್ತಿದ್ದಂತೆಯೇ ಕೆಳಗಿಳಿಯಿತು. ಬ್ರೇಕಿನ ತಟ್ಟೆಯ ಮೇಲೆ ಬೆರಳಾಡಿಸಿ, ಆ ಬೆರಳನ್ನು ನನ್ನ ಮುಂದೆ ಹಿಡಿದ. ಎಣ್ಣೆಯಿಂದ ಹೊಳೆಯುತ್ತಿತ್ತು.

“ಅನ್ನಿಕ್ಕೇ ಸೊನ್ನೇನೇ ಸಾರ್, ಕಸಿಯುದುನ್ನು.”

“ಕಸ ಅಂದಿರಲ್ಲ?”

“ಕಸವಾ?” ಅವನಿಗೆ ಆ ಮಾತೇ ಗೊತ್ತಿರಲಿಲ್ಲ. “ಆಯಿಲ್ ಕಸಿವು ಸಾರ್. ಸೀಲ್ ಪೋಚ್ಚು.” ಕಸಿಯುದು ಎಂದರೆ ಜಿನುಗುತ್ತಿದೆ ಎಂದು; ಅವನು ಅಂದೇ ಹೇಳಿದ್ದ.

ಮನೆಗೆ ಬಂದೆ. ಮಗಳು ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದಳು. ಪಕ್ಕದಲ್ಲಿ ಅವಳ ಎಕ್ಸ್‌ರೇಯ ದೊಡ್ಡ ಲಕೋಟೆ. “ಅವತ್ತು ಮೆಕ್ಯಾನಿಕ್ ಹೇಳಿದ್ದು ನಿಂಗೆ ಅರ್ಥ ಆಗಿತ್ತಾ?” ಎಂದು ಕೇಳಿದೆ.

“ಹೂಂ.”

“ಹೇಳಬಾರದಿತ್ತಾ?”

ಅವಳು ಒಂದೊಂದೇ ಮಾತನ್ನು ಆರಿಸಿಕೊಂಡು ಕನ್ನಡದಲ್ಲಿ ಹೇಳಿದಳು: “ನೀನು ಕನ್ನಡದಲ್ಲೇ ಹೇಳು ಅಂದೆ ಅಲ್ವಾ ಅಪ್ಪಾ. ಕಸಿಯುದುಗೆ ಕನ್ನಡದಲ್ಲಿ ಏನಂತಾರೆ ನಂಗೆ ಗೊತ್ತಿರ್ಲಿಲ್ಲ. ಹಿಂದೆ ಕೂತ್ಕೊಂಡು ಹುಡುಕ್ತಾ ಇದ್ದೆ. ಅಷ್ಟರಲ್ಲಿ ಸ್ಕೂಲ್ ಬಂದ್ಬಿಡ್ತು.”

ಇಷ್ಟು ವರ್ಷ ಕನ್ನಡ ಕನ್ನಡ ಎಂದು ಅವಳ ಬಾಯಿ ಮುಚ್ಚಿಸಿದ್ದೆನೇ ಹೊರತು ಕೂರಿಸಿಕೊಂಡು ಹತ್ತು ಮಾತು ಕಲಿಸಿರಲಿಲ್ಲ. “ಜಿನುಗು ಅಂತಾರಮ್ಮ,” ಎಂದೆ. “ಎಣ್ಣೆ ಜಿನುಗ್ತಿದೆ.”

ಅವಳು ಗೋಡೆಯ ಕಡೆ ತಿರುಗಿದಳು.

“ಈಗ್ಯಾಕಪ್ಪಾ ಅದು,” ಎಂದಳು.