ಅಪ್ಪನ ಮೊದಲನೇ ‘ಬೇಡ’

ಅಡಿಗೆ ಕಲಿಯೋಕೆ ಸ್ಕೂಲಿಗೆ ಹೋಗಬೇಕಾ ಅಂತ ನಗದವರೇ ನಮ್ಮೂರಲ್ಲಿ ಇರಲಿಲ್ಲ. ಅದು ಎಪ್ಪತ್ತರ ದಶಕ. ಐಮಂಗಲದಿಂದ ಬಸ್ಸು ಹತ್ತಿ ಚಿತ್ರದುರ್ಗದ ಹೈಸ್ಕೂಲಿಗೆ ಹೋಗುತ್ತಿದ್ದೆ. ಒಂಬತ್ತನೇ ಕ್ಲಾಸಿನಲ್ಲಿ ಒಂದು ಕಸುಬಿನ ವಿಷಯ ತಗೋಬೇಕಿತ್ತು. ಹೊಲಿಗೆ ಇತ್ತು, ನೂಲೋದಿತ್ತು. ನಾನು ‘ಅಡಿಗೆ ಮತ್ತು ಅತಿಥಿ ಸತ್ಕಾರ’ ತಗೊಂಡೆ. ಸುಳ್ಳು ಯಾಕೆ ಹೇಳಲಿ, ತಿನ್ನೋಕೆ ಸಿಗುತ್ತಲ್ಲ ಅಂತ!

“ಲೇ, ಮುದ್ದೆ ಕಟ್ಟಾಕೂ ಮಾರ್ಕ್ಸ್ ಕೊಡ್ತಾರೇನೆ?” ಅಂತ ಅಜ್ಜಿ ಬಿದ್ದು ಬಿದ್ದು ನಕ್ಕಳು. ಅಪ್ಪ ನಗಲಿಲ್ಲ. “ಓದಿದ್ದು ಈ ವರ್ಷಕ್ಕೆ ಸಾಕು. ಹತ್ತನೇ ಕ್ಲಾಸು ಬ್ಯಾಡ,” ಅಂದ. ನನಗೋ ಮೂಗಿನ ತುದೀಲೇ ಸಿಟ್ಟು. ಬ್ಯಾಡಾದ್ರೆ ಬಿಡು ಅಂತ ಎದ್ದು ಬಂದೆ. ಆಮೇಲೆ ಕೊಟ್ಟಿಗೆಯಲ್ಲಿ ಕೂತು, ಎಮ್ಮೆ ನೋಡುತ್ತಿದ್ದರೂ ನಾಚಿಕೆಯಿಲ್ಲದೆ ಅತ್ತೆ.

ಆದರೆ ಆ ಕ್ಲಾಸಿನ ಮಜವೇ ಮಜ. ಸೀಮೆಎಣ್ಣೆ ಸ್ಟೋವಿನ ಮುಂದೆ ನಾವೆಲ್ಲ ಕೆಮ್ಮುತ್ತಾ ಉಪ್ಪಿಟ್ಟು ಕೆದಕುತ್ತಿದ್ದೆವು. ಒಬ್ಬಳು ಅತಿಥಿ, ಒಬ್ಬಳು ಬಡಿಸುವವಳು. ಅತಿಥಿಯಾಗೋಕೆ ದಿನಾ ಜಗಳ. ಟೀಚರು ಮೈಸೂರಿನವರು, ಮೆತ್ತಗೆ ಮಾತಾಡೋರು, ಆದರೆ ಪಾಠದಲ್ಲಿ ಬಲು ಬಿಗಿ. ಹೆಬ್ಬೆರಳು ತಟ್ಟೆಯೊಳಗೆ ಹೋಗಬಾರದು. ಅತಿಥಿ ಯಾರೇ ಆಗಲಿ ಬಹುವಚನ. ಬೇಕಾ ಅಂತ ಒಂದೇ ಸಲ ಕೇಳಬೇಕು, ಬೇಡ ಅಂದರೆ ಮುಂದಕ್ಕೆ ಹೋಗಬೇಕು. ಬಲವಂತ ಮಾಡಿದರೆ ಮಾರ್ಕ್ಸ್ ಕಟ್.

ವರ್ಷದ ಕೊನೆಗೆ ಪರೀಕ್ಷೆ. ಅತಿಥಿಗಳು ಯಾರು? ನಮ್ಮ ನಮ್ಮ ಅಪ್ಪಂದಿರೇ! ನಾನು ಚೆನ್ನಾಗಿ ಬಡಿಸಿ ಒಳ್ಳೇ ಮಾರ್ಕ್ಸ್ ತಗೊಂಡರೆ ಅಪ್ಪನ ಮನಸ್ಸು ಕರಗೀತು ಅಂತ ದೇವರಿಗೆಲ್ಲ ಕೈ ಮುಗಿದಿದ್ದೆ.

ಬೆಂಚು ಜೋಡಿಸಿ ಬಿಳಿ ಬಟ್ಟೆ ಹಾಸಿದ್ದೆವು. ಹಿರಿಯೂರು ಕಡೆಯವರು, ಹೊಳಲ್ಕೆರೆ ಕಡೆಯವರು, ಎಲ್ಲರೂ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಹೆಣ್ಣು ನೋಡೋಕೆ ಬಂದವರಂತೆ ಕೂತರು. ಸಾಲಿನ ಕೊನೆಯಲ್ಲಿ, ಮಾರ್ಕ್ಸ್ ಹಾಕೋಕೆ ಬೇರೆ ಸ್ಕೂಲಿನಿಂದ ಬಂದಿದ್ದ ಮೇಡಂ. ಬಿಸಿ ಮುದ್ದೆ, ಹುರುಳಿಕಾಳಿನ ಸಾರು. ಮೊದಲನೇ ಮುದ್ದೆ ಕ್ಷಣದಲ್ಲಿ ಮಾಯ. ನಾನು ಬುಟ್ಟಿ ಹಿಡಿದು ಬಂದು ಅಪ್ಪನನ್ನೇ ಕೇಳಿದೆ: “ಇನ್ನೊಂದು ಮುದ್ದೆ ಹಾಕಲೇನ್ರಿ?”

ಮಗಳ ಬಾಯಲ್ಲಿ ‘ರಿ’ ಕೇಳಿ ಅಪ್ಪ ಬೆಚ್ಚಿಬಿದ್ದ. “ಬ್ಯಾಡವ್ವ, ಸಾಕು.”

ಪಾಠದ ಪ್ರಕಾರ ಮುಂದಕ್ಕೆ ಹೋದೆ. ಪಕ್ಕದವರೂ ಬ್ಯಾಡವ್ವ ಅಂದರು. ಅವರ ಪಕ್ಕದವರೂ ಅಷ್ಟೇ. ಎಲ್ಲರನ್ನೂ ದಾಟಿದೆ.

ನಮ್ಮ ಕಡೆ ಮೊದಲನೇ ‘ಬ್ಯಾಡ’ಕ್ಕೆ ಬೆಲೆಯೇ ಇಲ್ಲ. ಹೊಟ್ಟೆ ತಾಳ ಹಾಕುತ್ತಿದ್ದರೂ ಮರ್ಯಾದೆಗೆ ಹಾಗನ್ನಬೇಕು. ಬಡಿಸುವವರು ಬಿಡಬಾರದು, ಕೈ ಅಡ್ಡ ಇಟ್ಟರೂ ಸರಿಸಿ ಹಾಕಬೇಕು. ಒಂದೇ ಸಲಕ್ಕೆ ಹಾಕ್ರಿ ಅಂದವನು ಹೊಟ್ಟೆಬಾಕ, ಒಂದೇ ಸಲಕ್ಕೆ ಬಿಟ್ಟವಳು ಜಿಪುಣಿ. ಪಾಪ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋ ಹಾಗೆ ಅವರೆಲ್ಲ ನನ್ನ ಬುಟ್ಟಿಯನ್ನೇ ನೋಡುತ್ತಾ ಕೂತರು. ಒಬ್ಬರು ಖಾಲಿ ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದರು. ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೊರಟು ಬಂದಿದ್ದ ನಮ್ಮಪ್ಪ ಗಟಗಟ ನೀರು ಕುಡಿದ.

ಟೀಚರು ನನ್ನ ಕಡೆ ನೋಡಿ ಭೇಷ್ ಅನ್ನೋ ಹಾಗೆ ತಲೆಯಾಡಿಸಿದರು. ಸುಮ್ಮನಿದ್ದರೆ ಮಾರ್ಕ್ಸು ನನ್ನದು. ಮಾರ್ಕ್ಸು ಹೋದರೆ ಹತ್ತನೇ ಕ್ಲಾಸಿನ ಆಸೆಯೂ ಹೋಯಿತು. ಆದರೆ ಅಪ್ಪ ಹಸಿದು ಏಳೋದನ್ನ ಹೇಗೆ ನೋಡಲಿ? ಅಯ್ಯೋ, ಹಾಳಾಗಿ ಹೋಗಲಿ ಮಾರ್ಕ್ಸು!

“ಬ್ಯಾಡ ಅಂದ್ರೆ ಬಿಡೋರ್ಯಾರು? ಹಾಕ್ಕಳ್ರಿ!” ಅಂತ ವಾಪಸ್ಸು ಬಂದು ಅಪ್ಪನ ತಟ್ಟೆಗೆ ಮುದ್ದೆ ಇಳಿಸಿದೆ. ಅಪ್ಪ ರೂಢಿಗೆ ಕೈ ಅಡ್ಡ ತಂದ, ಮುದ್ದೆ ಬೀಳೋಕೆ ಜಾಗವನ್ನೂ ಬಿಟ್ಟ. ಆಗ ನೋಡಬೇಕಿತ್ತು! “ನನಗೊಂದು ಅರ್ಧ ಹಾಕವ್ವ.” “ಅರ್ಧ ಯಾಕ್ರಿ, ಪೂರ್ತಿ ಉಣ್ರಿ!” ಉಳಿದ ಹುಡುಗಿಯರೂ ಸೌಟು ಹಿಡಿದು ನುಗ್ಗಿದರು. ಮದುವೆ ಮನೆ ಗದ್ದಲ. ನಾನು ಅದೇ ಹುರುಪಿನಲ್ಲಿ ಮೇಡಂ ತಟ್ಟೆಗೂ ಮುದ್ದೆ ಹಾಕಿಬಿಟ್ಟೆ. “ಬೇಡ, ಬೇಡ!” ಅಂದರು. “ಮೊದಲನೇದು ಲೆಕ್ಕಕ್ಕಿಲ್ಲ ಮೇಡಂ,” ಅಂದೆ. ಅವರು ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು, ಅಷ್ಟನ್ನೂ ಉಂಡರು. ಉಂಡು, ನನ್ನ ಮಾರ್ಕ್ಸನ್ನೂ ಕಟ್ ಮಾಡಿದರು!

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಪ್ಪ ಹೊಟ್ಟೆ ಸವರಿಕೊಳ್ಳುತ್ತಾ ಕೂತಿದ್ದ. ಐಮಂಗಲ ಹತ್ತಿರ ಬಂದ ಹಾಗೆಲ್ಲ ನನ್ನ ಖುಷಿ ಇಳಿಯಿತು. ಇಲ್ಲಿಗೆ ಸ್ಕೂಲು ಮುಗಿಯಿತಲ್ಲ ಅಂತ ಅಳು ಬಂತು.

“ಯಾಕವ್ವ, ಏನಾತು?” ಅಂದ ಅಪ್ಪ.

“ಹತ್ತನೇ ಕ್ಲಾಸು ಬ್ಯಾಡ ಅಂದ್ಯಲ್ಲಪ್ಪ.”

“ಹೂಂ, ಅಂದೆ,” ಅಂದ ಅಪ್ಪ. “ನೀನು ಎರಡನೇ ಸಲ ಕೇಳಿದ್ಯಾ?”

ಕೇಳಿದೆ. ಬಸ್ಸಿನವರೆಲ್ಲ ತಿರುಗಿ ನೋಡೋ ಹಾಗೆ ಕೇಳಿದೆ.